ಕಡಲ ತಳದ ಮಾರ್ದನಿ

ಉಪ್ಪಾರಪೇಟೆಯ ಹೆಸರಿನಲ್ಲಿ ಉಪ್ಪುಂಟು, ಕಡಲಿಲ್ಲ. ಅಲ್ಲಿಂದ ಮಂಗಳೂರಿನ ತೀರಕ್ಕೆ ಸುಮಾರು 350 ಕಿಲೋಮೀಟರಿನ ಹಾದಿ; ನಡುವೆ ಘಟ್ಟ ಬೇರೆ. ಆದರೂ ಕಡಲಿನ ಒಳಗನ್ನು ಆಲಿಸುವ ಕಿವಿಯೊಂದು ಈ ಊರಿನಲ್ಲಿಯೇ ತಯಾರಾಯಿತೆಂಬುದು ನಮ್ಮಲ್ಲಿ ಅನೇಕರು ಅರಿಯದ ಸಂಗತಿ.

ಹಿಂದೆ ನಾವಿಕರು ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ಆಳವನ್ನು ಅಳೆಯುತ್ತಿದ್ದರು. ಗುಂಡಿನ ಅಡಿಗೆ ಕೊಬ್ಬು ಸವರಿದ್ದರೆ ತಳದ ಕೆಸರೋ ಮರಳೋ ಅಂಟಿಕೊಂಡು ಬರುತ್ತಿತ್ತು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, ನೀರಿನೊಳಗೆ ಶಬ್ದವನ್ನು ದೂತನನ್ನಾಗಿ ಕಳುಹಿಸುವ ಪ್ರಯತ್ನಗಳು ಬಿರುಸಾದುವು. 1914ರಲ್ಲಿ ಫೆಸೆಂಡನ್ ಹಿಮದ ಬೆಟ್ಟವೊಂದರಿಂದ ಮಾರ್ದನಿಯನ್ನು ಪಡೆದನು. ಕಡಲ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಹೋಗಿಬರುವ ಕಾಲ ತಿಳಿದರೆ ದೂರ ತಿಳಿದಂತೆಯೇ.

ಲೆಕ್ಕ ಸುಲಭ, ಕಡಲು ಸುಲಭವಲ್ಲ. ಬಿಸಿಲಿಗೆ ಮೇಲಿನ ನೀರು ಕಾದಾಗ ಶಬ್ದ ಕೆಳಕ್ಕೆ ಬಾಗುತ್ತದೆ. ಆಳ ಕಡಮೆಯಿದ್ದರೆ ತಳಕ್ಕೆ ತಾಗಿ ದಿಕ್ಕುದಿಕ್ಕಿಗೆ ಚದರುತ್ತದೆ. ಆ ಗದ್ದಲದಲ್ಲಿ ಜಲಾಂತರ್ಗಾಮಿಯ ಕ್ಷೀಣವಾದ ಮಾರ್ದನಿ ಅಡಗಿಹೋಗುತ್ತದೆ. 1971ರ ಡಿಸೆಂಬರ್ 9ರ ರಾತ್ರಿ, ದೀವ್ ಬಳಿ, ನಮ್ಮ ನೌಕೆ ಖುಕ್ರಿಯನ್ನು ಪಾಕಿಸ್ತಾನದ ಹ್ಯಾಂಗೋರ್ ಮುಳುಗಿಸಿತು. 18 ಅಧಿಕಾರಿಗಳೂ 176 ನಾವಿಕರೂ ಮಡಿದರು. ಸೋನಾರನ್ನು ಸುಧಾರಿಸುವ ಪ್ರಯೋಗದಲ್ಲಿ ತೊಡಗಿದ್ದ ತರುಣ ಅಧಿಕಾರಿಯೊಬ್ಬರೂ ಅವರಲ್ಲಿದ್ದರು. ತಳದ ಚದರಿಕೆಯೇ ಅದಕ್ಕೆ ಕಾರಣವೆಂದು ನಾನು ಹೇಳಲಾರೆ. ಆ ಹಳೆಯ ಸೋನಾರಿನ ಎಟುಕೇ ಗಿಡ್ಡ.

ಆ ಪೆಟ್ಟಿನ ಬಳಿಕ ಕೊಚ್ಚಿಯ ನೌಕಾ ಪ್ರಯೋಗಾಲಯದಲ್ಲಿ, ನೌಕಾಪಡೆಯ ಅಧಿಕಾರಿ ಎ. ಪಾಲ್‌ರಾಜ್ ಅವರ ಮುಂದಾಳುತನದಲ್ಲಿ, ‘ಅಪ್ಸೋ’ ಎಂಬ ಸೋನಾರ್ ರೂಪುಗೊಂಡಿತು. ಅದನ್ನು ನಿರ್ಮಿಸಿದ್ದು 1954ರಲ್ಲಿ ಸ್ಥಾಪನೆಯಾದ ನಮ್ಮ ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆ. 1983ರಲ್ಲಿ ಹಿಮಗಿರಿ ನೌಕೆಯ ಮೇಲೆ ಅದರ ಪರೀಕ್ಷೆ ನಡೆಯಿತು.

ಇಲ್ಲೊಂದು ಮಾತು ನನ್ನಂಥ ಕನ್ನಡ ಮೇಷ್ಟರಿಗೆ ರುಚಿಸುವಂಥದು. ಗ್ರಂಥಸಂಪಾದಕನಿಗೆ ಲಿಪಿಕಾರನ ತಪ್ಪು ಕಸ. ಭಾಷೆಯ ಚರಿತ್ರೆಯನ್ನು ಹುಡುಕುವವನಿಗೆ ಅದೇ ಸಾಕ್ಷಿ. ಹಾಗೆಯೇ ಬೇಟೆಗಾರ ಶಪಿಸಿದ ಆ ಚದರಿದ ಸದ್ದನ್ನು ನಕ್ಷೆಗಾರ ಜೋಪಾನವಾಗಿ ಬರೆದುಕೊಂಡ. ಮೆತ್ತನೆಯ ಕೆಸರು ಶಬ್ದವನ್ನು ನುಂಗುತ್ತದೆ, ಒರಟಾದ ಬಂಡೆ ಎಲ್ಲೆಡೆಗೆ ಎರಚುತ್ತದೆ. 1966ರಲ್ಲಿ ಸ್ಥಾಪನೆಯಾದ ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಈ ಭೇದವನ್ನೇ ಹಿಡಿದು ತಳವನ್ನು ಓದಿದರು. ಕೊಬ್ಬು ಸವರಿದ ಗುಂಡಿನ ಕೆಲಸವೇ ಇದು, ಹಗ್ಗವೊಂದಿಲ್ಲ.

ನಮ್ಮ ಪಶ್ಚಿಮ ಕರಾವಳಿಯ ಹತ್ತಿರದ ತಳ ಬಹುಮಟ್ಟಿಗೆ ಕೆಸರು. ಹೊರಗೆ ಹೋದಂತೆ ಚಿಪ್ಪು ಬೆರೆತ ಒರಟು ಮರಳು. ಅದು ಇಂದಿನ ನದಿಗಳು ತಂದುದಲ್ಲ. ಸುಮಾರು 20,000 ವರ್ಷಗಳ ಹಿಂದೆ ಕಡಲು 120 ಮೀಟರಿನಷ್ಟು ಕೆಳಗಿತ್ತು. ಆಗಿನ ದಂಡೆ ಅಲ್ಲೆಲ್ಲೋ ಇತ್ತು.