ವಾದ್ಯಕ್ಕೆ ಬೆಲೆ ಕಟ್ಟುವುದು

ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಬೆಳೆದವನು ಬೆಲೆ ಹೇಳುವುದಿಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯುತ್ತಾನೆ. ಒಳಗಿನ ನೀರು ಇಂಗಬೇಕು, ತಿರುಳು ಚಿಪ್ಪು ಬಿಡಬೇಕು, ಕೈಯಲ್ಲಿ ಹಿಡಿದು ಅಲುಗಿಸಿದರೆ ಗಡಗಡ ಅನ್ನಬೇಕು. ಆಮೇಲೆ ಸುಲಿಸಿ, ಒಡೆಸಿ, ಉಂಡೆ ಕೊಬ್ಬರಿಯನ್ನು ಚೀಲಕ್ಕೆ ತುಂಬಿ ತಂದರೆ ವರ್ತಕರು ಟೆಂಡರ್ ಹಾಕುತ್ತಾರೆ. ಅವರು ಬರೆದದ್ದೇ ಬೆಲೆ. 2023ರಲ್ಲಿ ಕೇಂದ್ರ ಸರ್ಕಾರ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇಟ್ಟಿದ್ದಾಗ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗಿತ್ತು. 2025ರಲ್ಲಿ ಅದೇ ಉಂಡೆ 20,000 ದಾಟಿತು. ಎರಡೂ ವರ್ಷ ತೋಟದಲ್ಲಿ ಸುರಿದ ಬೆವರು ಒಂದೇ.

ಇಂಥ ಸೀಮೆಯಲ್ಲಿ ಹುಟ್ಟಿದ ನನ್ನ ಅಣ್ಣನ ಮಗ ತಾನು ಮಾಡಿದ ವಸ್ತುವಿಗೆ ತಾನೇ ಬೆಲೆ ಹೇಳಲು ಹೊರಟಿದ್ದಾನೆ. ಬೆಂಗಳೂರಿನ ಕೆಲಸ ಬಿಟ್ಟು ಬಂದು, ತೋಟದ ಮನೆಯ ಹಳೇ ಕೊಬ್ಬರಿ ಅಟ್ಟದ ಕೆಳಗೆ ಕೈಯಿಂದ ಗಿಟಾರ್ ಮಾಡುತ್ತಾನೆ. ನುಡಿಸುವವರ ಕೈ, ಬೆರಳು, ಹಾಡುವ ಶ್ರುತಿ ಎಲ್ಲ ಕೇಳಿಕೊಂಡು ಒಬ್ಬೊಬ್ಬರಿಗೆ ಒಂದೊಂದು ಬಗೆ. ಅವನು ಹೇಳಿದ ಬೆಲೆ 1,10,000 ರೂಪಾಯಿ.

ಅಣ್ಣ ದಿಗಿಲುಬಿದ್ದ. "ಲಕ್ಷ ಕೊಟ್ಟು ಯಾರೋ ತಗೋತಾರೆ? ಪೇಟೇಲಿ ಹತ್ತು ಸಾವಿರಕ್ಕೆ ಹೊಸಾದು ಸಿಗುತ್ತಂತೆ" ಅಂದ. ಹುಡುಗ ನನ್ನ ಕಡೆ ತಿರುಗಿದ. "ಅತ್ತೆ, ನೀವು ವೀಣೆಯವರು. ನೀವೇ ಹೇಳಿ, ಜಾಸ್ತಿ ಆಯ್ತಾ?"

ನಾನು ಊರಿನ ಮಕ್ಕಳಿಗೆ ವೀಣೆ ಪಾಠ ಹೇಳಿಕೊಂಡು ಬಂದವಳು, ಗಿಟಾರ್ ನುಡಿಸಿದವಳಲ್ಲ. ಆದರೆ ಅವನ ಪ್ರಶ್ನೆ ಹೊಸದಲ್ಲ. ಈ ನಾಡಿನಲ್ಲಿ ತಂತಿ ಎಳೆದವರು, ಹಲಸು ಕೊರೆದು ವೀಣೆ ಮಾಡಿದವರು, ಅದಕ್ಕೆ ಮೇಳ ಕಟ್ಟಿದವರು ಎಲ್ಲರೂ ಅದನ್ನು ಎದುರಿಸಿದ್ದಾರೆ. ಅವರ ಚರಿತ್ರೆಯಲ್ಲಿ ಹುಡುಗನಿಗೆ ಬೇಕಾದ ಉತ್ತರ ಇದೆ ಎಂದು ನಾನು ನಂಬಿದ್ದೇನೆ.

ತಂತಿಯಿಂದಲೇ ತೊಡಗುತ್ತೇನೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆಯ ಮೇಲೆ ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಬೆಳೆ, ಕಸುಬು, ಕೂಲಿ, ಸುಂಕ, ಕಂಡದ್ದನ್ನೆಲ್ಲ ಬರೆದ. ಅವನ ಪುಸ್ತಕ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಮಾಡುತ್ತಿದ್ದುದನ್ನು ಅವನು ದಾಖಲಿಸಿದ್ದಾನೆ. ಅದಕ್ಕೆ ಭಾರಿ ಬೇಡಿಕೆಯಿತ್ತು, ದೂರದೂರದ ಸೀಮೆಗಳಿಗೂ ಹೋಗುತ್ತಿತ್ತು. ಆಗಿನ ಉಕ್ಕು ತಯಾರಾಗುತ್ತಿದ್ದ ಬಗೆಯನ್ನೂ ಅವನು ಬರೆದಿದ್ದಾನೆ: ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಕಡ್ಡಿಯನ್ನೂ ಹಸಿರೆಲೆಯನ್ನೂ ಇಟ್ಟು, ಬಾಯಿ ಮುಚ್ಚಿ, ತಿದಿ ಒತ್ತಿ ಕಾಯಿಸುವುದು. ನಮ್ಮ ಬೇಲಿ ಬದಿಯ ಹಳದಿ ಹೂವಿನ ತಂಗಡಿ ಗಿಡವೇ. ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲೂ ಆಗ ಕಬ್ಬಿಣದ ಅದಿರು ತೆಗೆದು ಕರಗಿಸುತ್ತಿದ್ದರು. ಬುಕಾನನ್ ಈ ಕಡೆಗೂ ಬಂದಿದ್ದ.

ಆ ತಂತಿ ಎಳೆದವರ ಹೆಸರನ್ನು ಕೊಂಡವರು ಕೇಳಲಿಲ್ಲ. ಊರಿನ ಹೆಸರೇ ಖಾತರಿಯಾಗಿತ್ತು. ನಮ್ಮ ತಾಲ್ಲೂಕಿನ ಹೊನ್ನವಳ್ಳಿಯ ತೆಂಗಿಗೂ ಅಂಥದೇ ಹೆಸರಿತ್ತು. ಅಲ್ಲಿನ ಕಾಯಿಯ ರುಚಿಯೇ ಬೇರೆ ಎಂದು ಅದನ್ನು ಗಂಗಾಪಾಣಿ ಎನ್ನುತ್ತಿದ್ದುದನ್ನು ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಗುರುತಿಸಿದ್ದಾರೆ. ಆದರೆ ಊರಿನ ಹೆಸರಿನಲ್ಲಿ ಮಾರುವ ಕಸುಬಿಗೆ ಒಂದು ಅಪಾಯವಿದೆ. ಮುಂದೆ ಯಂತ್ರದಲ್ಲಿ ಎಳೆದ ತಂತಿಯ ಕಾಲ ಬಂದಾಗ, ಇಂಥವರ ಕೈಯ ತಂತಿಯೇ ಬೇಕು ಎಂದು ಹಟ ಹಿಡಿಯಲು ಯಾರ ಹೆಸರೂ ಉಳಿದಿರಲಿಲ್ಲ. ಇವತ್ತು ಚನ್ನಪಟ್ಟಣ ಎಂದರೆ ಎಲ್ಲರಿಗೂ ನೆನಪಾಗುವುದು ಗೊಂಬೆ.

ವೀಣೆಯ ಕಥೆ ಬೇರೆ. ಮೈಸೂರಿನಲ್ಲಿ ವೀಣೆಗೆ ಅರಮನೆಯ ಆಸರೆ ಇತ್ತು. ವೀಣೆ ಶೇಷಣ್ಣನವರು (1852–1926), ವೀಣೆ ಸುಬ್ಬಣ್ಣನವರು, ಆಮೇಲೆ ವೀಣೆ ವೆಂಕಟಗಿರಿಯಪ್ಪನವರು, ಹೆಸರಿನ ಮುಂದೆಯೇ ವಾದ್ಯವನ್ನು ಇಟ್ಟುಕೊಂಡ ವಿದ್ವಾಂಸರು. ಬರೋಡೆಯ ಮಹಾರಾಜರು ಕೊಟ್ಟ ಪಲ್ಲಕ್ಕಿಯಲ್ಲಿ ಶೇಷಣ್ಣನವರು ತಾವು ಕೂರದೆ ವೀಣೆಯನ್ನು ಕೂರಿಸಿ, ಪಕ್ಕದಲ್ಲಿ ನಡೆದು ಬಂದರು ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ವಾದ್ಯಕ್ಕೆ ಅಂಥ ಮರ್ಯಾದೆ. ಅರಮನೆ ಸಾಕುತ್ತಿದ್ದಾಗ ಬೆಲೆ ಎಂಬುದು ಪೇಟೆಯ ಮಾತಾಗಿರಲಿಲ್ಲ. ಆ ಆಸರೆ ಹೋದ ಮೇಲೆ ಮಾಡುವವನೂ ಕೊಳ್ಳುವವನೂ ಎದುರುಬದುರು ಕೂತು ಬೆಲೆ ಮಾತಾಡಬೇಕಾಯಿತು.

ಹಾಗೆ ಮಾತಾಡುವಾಗ ಕಣ್ಣಿಗೆ ಬೀಳುವುದು ಯಾಳಿಮುಖ, ಕೊಡದ ಮೇಲಿನ ಕುಸುರಿ, ಬಣ್ಣ. ಆದರೆ ಬೆಲೆಯಿರುವುದು ಅಲ್ಲಲ್ಲ. ವೀಣೆಗೆ ಹಳೇ ಹಲಸಿನ ಮರ ಬೇಕು, ಚೆನ್ನಾಗಿ ಒಣಗಿರಬೇಕು. ಅಟ್ಟದ ಕಾಯಿಯ ಹಾಗೇ ಮರಕ್ಕೂ ತನ್ನ ಕಾಲ ಇದೆ; ಆತುರಕ್ಕೆ ಒಡೆದರೆ ಎರಡೂ ಕೆಡುತ್ತವೆ. ಕೊಡ, ದಂಡಿ, ಮುಖ ಒಂದೇ ಮರದಲ್ಲಿ ಕೊರೆದರೆ ಏಕಾಂಡ ವೀಣೆ. ಅದಕ್ಕೆ ದೊಡ್ಡ ದಿಮ್ಮಿ ಬೇಕು, ಬಹಳ ಮರ ಚಕ್ಕೆಯಾಗಿ ಹೋಗುತ್ತದೆ, ಬೆಲೆ ಏರುತ್ತದೆ. ಎಲ್ಲಕ್ಕಿಂತ ಕೊನೆಯ ಕೆಲಸ, ಎಲ್ಲಕ್ಕಿಂತ ಕಷ್ಟದ ಕೆಲಸ, ಮೇಳ ಕಟ್ಟುವುದು. ಕಪ್ಪು ಬೆರೆಸಿದ ಮೇಣದ ದಂಡೆಯ ಮೇಲೆ 24 ಮೆಟ್ಟಿಲುಗಳನ್ನು ಒಂದೊಂದಾಗಿ ಕೂರಿಸಿ, ತಂತಿ ಮೀಟಿ, ಕೇಳಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ಕೇಳಿ ನಿಲ್ಲಿಸಬೇಕು. ಅಳತೆಗೋಲಿಗೆ ಅಲ್ಲಿ ಕೆಲಸ ಕಡಿಮೆ, ಕಿವಿಯೇ ಅಳತೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಮೇಣ ಮೆತ್ತಗಾಗುತ್ತದೆ, ಕೆಲವು ವರ್ಷಕ್ಕೊಮ್ಮೆ ಮೇಳ ಹೊಸದಾಗಿ ಕಟ್ಟಿಸಬೇಕಾಗುತ್ತದೆ. ಆದ್ದರಿಂದ ವೀಣೆ ಕೊಂಡವರು ವಾದ್ಯದ ಜೊತೆಗೆ ಮೇಳ ಕಟ್ಟುವವರ ಸಂಬಂಧವನ್ನೂ ಕೊಂಡ ಹಾಗೆ. ನನ್ನ ವೀಣೆಗೆ ಮೇಳ ಕಟ್ಟುತ್ತಿದ್ದ ಹಿರಿಯರು ಮೈಸೂರಿನಿಂದ ರೈಲಿನಲ್ಲಿ ಅರಸೀಕೆರೆ ಮೇಲೆ ತಿಪಟೂರಿಗೆ ಬಂದು, ಮನೆಯಲ್ಲೇ ಉಳಿದು, ಬೆಳಗಿನ ತಂಪಿನಲ್ಲಿ ಕೆಲಸ ಮಾಡಿ ಹೋಗುತ್ತಿದ್ದರು. ಅವರ ಕೂಲಿಯನ್ನು ನಮ್ಮ ತಂದೆ ಒಂದು ದಿನವೂ ಚೌಕಾಶಿ ಮಾಡಲಿಲ್ಲ.

ವಾದ್ಯ ಮಾಡುವ ಕುಲದಲ್ಲಿ ಹುಟ್ಟದವನು ಈ ಕಸುಬಿಗೆ ಬರಬಹುದೇ ಎಂಬ ಅನುಮಾನಕ್ಕೆ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ಉತ್ತರ ಹೇಳುತ್ತದೆ. ಬೇಸಾಯದ ಊರು ಅದು. ಪೆನ್ನ ಓಬಳಯ್ಯ ಅವರು ವೀಣೆ ಮಾಡುವುದನ್ನು ಕಲಿತು ಊರಿನವರಿಗೂ ಕಲಿಸಿದರು. ಊರಿಗೆ ವೀಣೆಯ ಹಳ್ಳಿ ಎಂದೇ ಹೆಸರು ಬಂತು. ಬೇಸಾಯ ಗೊತ್ತಿದ್ದ ಕೈಗಳೇ ಹಲಸಿನ ದಿಮ್ಮಿಯಿಂದ ನಾದ ತೆಗೆದವು.

"ಗಿಟಾರ್ ನಮ್ಮದಲ್ಲವಲ್ಲ" ಎನ್ನುವವರೂ ಇದ್ದಾರೆ. ಪಿಟೀಲೂ ನಮ್ಮದಾಗಿರಲಿಲ್ಲ. ಹಾರ್ಮೋನಿಯಂ ಕೂಡ ಹೊರಗಿನಿಂದ ಬಂದದ್ದೇ; ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಆದರೆ ನಮ್ಮ ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯ ಪರಂಪರೆಯಲ್ಲಿ, ಹಳ್ಳಿಹಳ್ಳಿಯ ನಾಟಕಗಳಲ್ಲಿ, ಹಾರ್ಮೋನಿಯಂ ಮೇಷ್ಟ್ರಿಲ್ಲದೆ ಪರದೆ ಏಳುತ್ತಿರಲಿಲ್ಲ. ಜನಕ್ಕೆ ಬೇಕಾದ ವಾದ್ಯ ಜನರದ್ದಾಗುತ್ತದೆ.

ಒಬ್ಬರ ಅಗತ್ಯಕ್ಕೆ ತಕ್ಕ ವಾದ್ಯ ಎಂಬುದಕ್ಕೆ ಟಿ. ಚೌಡಯ್ಯನವರಿಗಿಂತ (1895–1967) ದೊಡ್ಡ ಸಾಕ್ಷಿ ಬೇಕಿಲ್ಲ. ಧ್ವನಿವರ್ಧಕ ಇಲ್ಲದ ಕಾಲ. ದೊಡ್ಡ ಸಭೆಯಲ್ಲಿ ಹಿಂದಿನ ಸಾಲಿಗೆ ಪಿಟೀಲು ಕೇಳಿಸುತ್ತಿರಲಿಲ್ಲ. ನಾಲ್ಕು ತಂತಿಯ ವಾದ್ಯಕ್ಕೆ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು, ನಾದ ತುಂಬಿಕೊಂಡಿತು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಭವನವೇ ಪಿಟೀಲಿನ ಆಕಾರದಲ್ಲಿದೆ. ಅಂಗಡಿಯ ವಾದ್ಯ ಎಲ್ಲರ ಕೈಗೂ ಒಂದಿಷ್ಟು ಹೊಂದುತ್ತದೆ. ಹೇಳಿ ಮಾಡಿಸಿದ ವಾದ್ಯ ಒಬ್ಬರ ತೊಂದರೆಯನ್ನು ಪೂರ್ತಿ ಬಗೆಹರಿಸಬೇಕು. ಕೊಳ್ಳುವವರನ್ನು ಅದರ ಕಡೆ ಎಳೆಯುವುದು ಅದೇ. ಹುಡುಗ ಮೊದಲು ಗಿಟಾರ್ ಮಾಡಿದ್ದು ಒಬ್ಬ ಕಾಲೇಜು ಹುಡುಗಿಗೆ. ಅವಳ ಕೈ ಚಿಕ್ಕದು, ಪೇಟೆಯ ಗಿಟಾರಿನ ಕತ್ತು ಹಿಡಿದರೆ ಮಣಿಕಟ್ಟು ನೋಯುತ್ತಿತ್ತು. ತಂತಿಯ ಉದ್ದವನ್ನೂ ಕತ್ತಿನ ದಪ್ಪವನ್ನೂ ಇಳಿಸಿ ಮಾಡಿಕೊಟ್ಟ. ಈಗ ನೋವಿಲ್ಲದೆ ನುಡಿಸುತ್ತಾಳೆ.

ಗಿಟಾರಿನ ಚರಿತ್ರೆಯಲ್ಲೂ ಹುಡುಗನಿಗೆ ಒಂದು ಪಾಠ ಇದೆ. ಸ್ಪೇನಿನ ಆಂಟೋನಿಯೊ ದೆ ತೊರೆಸ್ (1817–1892) ಇವತ್ತಿನ ಶಾಸ್ತ್ರೀಯ ಗಿಟಾರಿಗೆ ರೂಪ ಕೊಟ್ಟವನು, ಮೊದಲು ಬಡಗಿ. ನಾದ ಹುಟ್ಟುವುದು ಮೇಲುಹಲಗೆಯಲ್ಲಿ ಎಂದು ತೋರಿಸಲು 1862ರಲ್ಲಿ ಪಕ್ಕ, ಬೆನ್ನು ಎರಡನ್ನೂ ರಟ್ಟಿನಲ್ಲಿ ಮಾಡಿದ ಗಿಟಾರ್ ಬಾರ್ಸಿಲೋನಾದ ವಸ್ತುಸಂಗ್ರಹಾಲಯದಲ್ಲಿ ಇಂದೂ ಇದೆ. ಅಂಥವನಿಗೂ ಗಿಟಾರಿನಿಂದಲೇ ಹೊಟ್ಟೆ ತುಂಬಲಿಲ್ಲ. 1870ರ ದಶಕದಲ್ಲಿ ಅಲ್ಮೇರಿಯಾದಲ್ಲಿ ಪಿಂಗಾಣಿ ಅಂಗಡಿ ಇಟ್ಟ. ಆದರೆ ವಾದ್ಯವನ್ನು ಬಿಟ್ಟೇಬಿಡಲಿಲ್ಲ, ಕೆಲವು ವರ್ಷದ ಮೇಲೆ ಮತ್ತೆ ಗಿಟಾರ್ ಮಾಡತೊಡಗಿದ. ನಮ್ಮ ಹುಡುಗನಿಗೆ ಪಿಂಗಾಣಿ ಅಂಗಡಿಯ ಬದಲು ತೆಂಗಿನ ತೋಟ ಇದೆ. ಅದು ಅವನ ಬಲ. ವಾರಕ್ಕೊಂದು ಗಿಟಾರ್ ಮಾರಲೇಬೇಕು ಎಂಬ ಒತ್ತಡ ಅವನಿಗಿಲ್ಲ.

ಇನ್ನು ಮರ. ಗಿಟಾರಿನ ಬೆನ್ನಿಗೂ ಪಕ್ಕಕ್ಕೂ ಲೋಕವೆಲ್ಲ ಮೆಚ್ಚುವ ಮರಗಳಲ್ಲಿ ನಮ್ಮ ಘಟ್ಟದ ಬೀಟೆ ಒಂದು. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್ಲಿನ ಬೀಟೆ ಬಿಟ್ಟು ಭಾರತದ ಬೀಟೆಗೆ ಬಂತು. ಆಮೇಲಿನ ಎಷ್ಟೋ ಹೆಸರಾಂತ ಗಿಟಾರುಗಳ ಒಡಲಲ್ಲಿ ಇರುವುದು ನಮ್ಮ ನೆಲದ ಮರ. 2017ರ ಜನವರಿಯಲ್ಲಿ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ಬೀಟೆಯ ಜಾತಿಯ ಎಲ್ಲ ಮರಗಳ ಸಾಗಾಟಕ್ಕೂ ಕಾಗದಪತ್ರ ಕಡ್ಡಾಯವಾಯಿತು, 2019ರ ನವೆಂಬರಿನಲ್ಲಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಮ್ಮ ರಾಜ್ಯದಲ್ಲಿ ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆದ್ದರಿಂದ ರಸೀದಿ ಇರುವ ಮರಕ್ಕೆ ಬೆಲೆ ಹೆಚ್ಚು, ಹೆಚ್ಚಾಗಿಯೇ ಇರಬೇಕು. ಕಳ್ಳ ಮರದ ಅಗ್ಗದ ಗಿಟಾರ್ ಯಾರಿಗೂ ಬೇಡ.

ಇಷ್ಟೆಲ್ಲ ತಿಳಿದ ಮೇಲೆ ಹುಡುಗನ ಲೆಕ್ಕದ ಪುಸ್ತಕ ತೆರೆಸಿದೆ. ಬೀಟೆ, ಮೇಲುಹಲಗೆಗೆ ಹೊರದೇಶದ ಸ್ಪ್ರೂಸ್, ಬಿರಡೆ, ತಂತಿ, ಪೆಟ್ಟಿಗೆ ಸೇರಿ 38,000. ಕೆಲಸ 160 ಗಂಟೆ. ಗಂಟೆಗೆ 300ರಂತೆ 48,000. ಉಪಕರಣದ ಸವಕಳಿ, ಕರೆಂಟು, ಕೆಟ್ಟುಹೋದ ಹಲಗೆ ಎಂದು 10,000. ಒಟ್ಟು 96,000. ಉಳಿಯುವುದು 14,000. ಆ 160 ಗಂಟೆಯ ಕೆಲಸವೂ ಸುಲಭದ್ದಲ್ಲ. ವೀಣೆಯಲ್ಲಾದರೆ ಮೇಳದ ಮೇಣವನ್ನು ಕಾಯಿಸಿ ಸರಿಮಾಡಬಹುದು. ಗಿಟಾರಿನ ಕತ್ತಿನಲ್ಲಿ ಕೊರೆದ ಗೆರೆ ತಪ್ಪಿದರೆ ಆ ಹಲಗೆಯೇ ಹೋಯಿತು. 650 ಮಿಲಿಮೀಟರ್ ತಂತಿಗೆ ಮೊದಲ ಮೆಟ್ಟಿಲು 36.5 ಮಿಲಿಮೀಟರಿನಲ್ಲಿ ಬರಬೇಕು, ಮುಂದಿನವು ಅದೇ ಲೆಕ್ಕದಲ್ಲಿ ಕಿರಿದಾಗುತ್ತ ಹೋಗಬೇಕು. ಆ ನಿಖರತೆಗೆ ಗಂಟೆಗೆ 300 ರೂಪಾಯಿ ದುಬಾರಿ ಎನ್ನಲು ನನಗೆ ಬಾಯಿ ಬರಲಿಲ್ಲ.

"ಬೆಲೆ ಜಾಸ್ತಿ ಇಲ್ಲಪ್ಪ, ಇಳಿಸಬೇಡ" ಅಂದೆ. "ಆದರೆ ಹೊಸಬ ನೀನು. ನಿನ್ನ ಹೆಸರಿನ್ನೂ ಯಾರಿಗೂ ಗೊತ್ತಿಲ್ಲ. ಹೆಸರಿಲ್ಲದಿರುವಾಗ ಬೆಲೆ ಇಳಿಸುವುದಲ್ಲ, ಜವಾಬ್ದಾರಿ ಏರಿಸಬೇಕು."

ಮೂರು ಮಾತು ಹೇಳಿದೆ. ಮೊದಲನೆಯದು, ವಾದ್ಯದೊಳಗೆ ನಿನ್ನ ಹೆಸರು, ಊರು, ಇಸವಿ ಬರಿ. ಚನ್ನಪಟ್ಟಣದ ತಂತಿಯವರ ಹಾಗೆ ಹೆಸರಿಲ್ಲದೆ ಹೋಗಬೇಡ. ಎರಡನೆಯದು, ಕೊಂಡವರ ಕೈಗೆ ಖರ್ಚಿನ ಲೆಕ್ಕವನ್ನೂ ಮರದ ರಸೀದಿಯ ನಕಲನ್ನೂ ಕೊಡು. ಬೆಲೆ ಎಲ್ಲಿಂದ ಬಂತು ಎಂದು ಅವರು ಓದಿ ತಿಳಿಯಲಿ. ಮೂರನೆಯದು, ಐದು ವರ್ಷ ರಿಪೇರಿ ನಿನ್ನದೇ ಎಂದು ಬರೆದುಕೊಡು, ಮೈಸೂರಿನಿಂದ ಬರುತ್ತಿದ್ದ ಆ ಹಿರಿಯರ ಹಾಗೆ ಬೇಕಾದರೆ ಅವರ ಮನೆಗೇ ಹೋಗು. ಆ 14,000 ಇರುವುದು ಆ ಓಡಾಟಕ್ಕೆ.

ಕೊಳ್ಳುವವರಿಗೂ ನನ್ನ ಮಾತಿದೆ. ಹೊಳಪು ನೋಡಿ ಬೆಲೆ ಕಟ್ಟಬೇಡಿ. ಕೂತು ನುಡಿಸಿ, ಒಂದೊಂದು ಮೆಟ್ಟಿಲಲ್ಲೂ ಶ್ರುತಿ ನಿಲ್ಲುತ್ತದೆಯೇ ಕೇಳಿ, ನಿಮ್ಮ ಮಣಿಕಟ್ಟು ಏನು ಹೇಳುತ್ತದೆ ನೋಡಿ. ಮೂರೂ ಸರಿಬಂದರೆ ಕೇಳಿದ ಬೆಲೆ ಕೊಡಿ. ತಲೆಮಾರುಗಳಿಂದ ಬೇರೆಯವರು ಬರೆದ ಬೆಲೆಗೆ ಕೊಬ್ಬರಿ ಸುರಿದ ಮನೆಯಲ್ಲಿ ಒಬ್ಬ ಹುಡುಗ ತನ್ನ ಕೆಲಸದ ಲೆಕ್ಕ ತಾನೇ ಬರೆದು, ತಲೆಯೆತ್ತಿ ಬೆಲೆ ಹೇಳುತ್ತಿದ್ದಾನೆ. ಅವನ ಬೆಲೆ ನಿಂತರೆ ಇಲ್ಲಿ ಇನ್ನೂ ನಾಲ್ಕು ಮಕ್ಕಳು ಉಳಿ ಹಿಡಿಯುತ್ತಾರೆ, ತೋಟ ಮಾರಿ ಬೆಂಗಳೂರಿಗೆ ಹೋಗದೆಯೂ ಬದುಕಬಹುದು ಎಂದು ಧೈರ್ಯ ತಂದುಕೊಳ್ಳುತ್ತಾರೆ.