ಗ್ಲಾಸ್ಗೋಗೆ ಹೋದ ಬರಿಗಾಲು

1936ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ತೆಗೆದ ಒಂದು ಕಪ್ಪುಬಿಳುಪು ಚಿತ್ರವಿದೆ. ಸೆಲ್ಟಿಕ್ ಫುಟ್‌ಬಾಲ್ ಕ್ಲಬ್ಬಿನ ತರಬೇತುದಾರ ಜಿಮ್ಮಿ ಮೆಕ್‌ಮೆನೆಮಿ ಒಬ್ಬ ಭಾರತೀಯ ಆಟಗಾರನ ಪಾದಕ್ಕೆ ಬಟ್ಟೆಯ ಪಟ್ಟಿ ಸುತ್ತುತ್ತಿದ್ದಾರೆ. ಗಾಯವಾಗಿದ್ದಕ್ಕೆ ಕಟ್ಟಿದ ಪಟ್ಟಿಯಲ್ಲ ಅದು, ಬೂಟಿನ ಬದಲಿಗೆ ಕಟ್ಟಿದ್ದು. ಮೆಕ್‌ಮೆನೆಮಿ ಸಾಮಾನ್ಯ ಮನುಷ್ಯರೇನಲ್ಲ. ಆಡುವ ಕಾಲದಲ್ಲಿ ಅದೇ ಕ್ಲಬ್ಬಿನ ಅಭಿಮಾನಿಗಳು ಅವರನ್ನು 'ನೆಪೋಲಿಯನ್' ಎಂದು ಕರೆಯುತ್ತಿದ್ದರು. ಬ್ರಿಟಿಷರು ಭಾರತವನ್ನು ಆಳುತ್ತಿದ್ದ ದಿನಗಳಲ್ಲಿ ಅಂಥವರು ಒಬ್ಬ ಭಾರತೀಯನ ಕಾಲು ಹಿಡಿದು ಆಟಕ್ಕೆ ಸಿದ್ಧಮಾಡುತ್ತಿದ್ದರು.

ಆ ಕಾಲು ಕಲ್ಕತ್ತೆಯ ಮೊಹಮ್ಮದ್ ಸಲೀಂ ಅವರದು. ಯುರೋಪಿನ ಕ್ಲಬ್ಬೊಂದಕ್ಕೆ ಆಡಿದ ಮೊದಲ ಭಾರತೀಯ.

ಸಲೀಂ ಹುಟ್ಟಿದ್ದು 1904ರಲ್ಲಿ, ಹೂಗ್ಲಿ ನದಿಯ ದಡದ ಮೆಟಿಯಾಬ್ರೂಜ್‌ನಲ್ಲಿ. ರಾಜ್ಯ ಕಳೆದುಕೊಂಡ ಅವಧದ ನವಾಬ ವಾಜಿದ್ ಅಲಿ ಶಾ ಬಂದು ನೆಲೆಸಿದ ಪ್ರದೇಶವದು. ಸಲೀಂಗೆ ಏಳು ವರ್ಷವಿದ್ದಾಗ, 1911ರಲ್ಲಿ, ಮೋಹನ್ ಬಗಾನ್ ತಂಡ ಬೂಟು ತೊಟ್ಟ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್ಎ ಶೀಲ್ಡ್ ಗೆದ್ದಿತು. ಆ ಹನ್ನೊಂದು ಮಂದಿಯಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬರಿಗಾಲಲ್ಲೇ ಆಡಿದ್ದರು. ಕಲ್ಕತ್ತೆಯ ಒಂದು ಪೀಳಿಗೆಯ ಹುಡುಗರು ಆ ಕಥೆ ಕೇಳಿಕೊಂಡೇ ಬೆಳೆದರು.

1926ರಲ್ಲಿ ಬೌಬಜಾರಿನ ಚಿತ್ತರಂಜನ್ ಕ್ಲಬ್ಬಿನಿಂದ ಸಲೀಂ ಆಟ ಶುರುವಾಯಿತು. ಮೊಹಮ್ಮಡನ್ ಸ್ಪೋರ್ಟಿಂಗ್‌ನ ಎರಡನೇ ತಂಡ ಅವರನ್ನು ಕರೆಯಿತು. ಅಲ್ಲಿಂದ ಕ್ರೀಡಾ ಸಂಘಟಕ ಪಂಕಜ್ ಗುಪ್ತಾ ತಮ್ಮ ಸ್ಪೋರ್ಟಿಂಗ್ ಯೂನಿಯನ್‌ಗೆ ಕರೆದೊಯ್ದರು. ಆಮೇಲೆ ಸ್ವಲ್ಪ ಕಾಲ ಈಸ್ಟ್ ಬೆಂಗಾಲ್, ನಂತರ ಆರ್ಯನ್ಸ್. ಆಗಿನ ಕಲ್ಕತ್ತೆಯ ಫುಟ್‌ಬಾಲ್ ಲೆಕ್ಕಕ್ಕೆ ಹವ್ಯಾಸಿ ಆಟವೇ. ಆದರೂ ಒಳ್ಳೆಯ ವಿಂಗರ್ ಒಬ್ಬ ಸಿಕ್ಕರೆ ಕ್ಲಬ್ಬುಗಳು ಸುಮ್ಮನೆ ಕೂರುತ್ತಿರಲಿಲ್ಲ. ಮೈದಾನದ ಅಂಚಿನ ಗೆರೆಗೆ ಅಂಟಿಕೊಂಡು ಓಡಬೇಕು, ಎದುರಾಳಿಯನ್ನು ದಾಟಬೇಕು, ಚೆಂಡನ್ನು ಸರಿಯಾದ ಹೊತ್ತಿಗೆ ಗೋಲಿನ ಮುಂದಕ್ಕೆ ತೇಲಿಸಬೇಕು. ಗೋಲು ಹೊಡೆದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ತೇಲಿಸಿಕೊಟ್ಟವನದು ಅಷ್ಟಾಗಿ ಬರುವುದಿಲ್ಲ.

1934ರಲ್ಲಿ ಸಲೀಂ ಮೊಹಮ್ಮಡನ್‌ಗೆ ಮರಳಿದರು. ಅದೇ ವರ್ಷ ಆ ತಂಡ ಕಲ್ಕತ್ತಾ ಲೀಗ್ ಗೆದ್ದಿತು. ಅಲ್ಲಿಯವರೆಗೆ ಯಾವ ಭಾರತೀಯ ತಂಡವೂ ಆ ಪಟ್ಟ ಮುಟ್ಟಿರಲಿಲ್ಲ, ಮಿಲಿಟರಿ ತಂಡಗಳು ಮತ್ತು ಬಿಳಿಯರ ಕ್ಲಬ್ಬುಗಳೇ ಹಂಚಿಕೊಳ್ಳುತ್ತಿದ್ದವು. ಮೊಹಮ್ಮಡನ್ ಒಂದು ಸಲ ಗೆದ್ದು ನಿಲ್ಲಲಿಲ್ಲ, 1938ರವರೆಗೆ ಸತತ ಐದು ವರ್ಷ ಗೆದ್ದಿತು. ಲೀಗ್ ನಡೆಯುತ್ತಿದ್ದುದು ಮಳೆಗಾಲದಲ್ಲಿ. ಕೆಸರಿನಲ್ಲಿ ಬರಿಗಾಲು ಜಾರುತ್ತದೆ ಎಂಬುದನ್ನು ಅರಿತು ಒದ್ದೆ ನೆಲಕ್ಕೆ ಹಗುರ ಬೂಟು ರೂಢಿಸಿದ್ದೂ ಇದೇ ಕ್ಲಬ್. ಸಲೀಂ ಮಾತ್ರ ಬರಿಗಾಲನ್ನೇ ನಂಬಿದ್ದರು.

1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಹೊರಟಿದ್ದ ಚೀನಾ ತಂಡ ದಾರಿಯಲ್ಲಿ ಕಲ್ಕತ್ತೆಯಲ್ಲಿ ಆಡಿತು. ಮೊದಲ ಪಂದ್ಯದಲ್ಲಿ ಸಲೀಂ ಮಿಂಚಿದರು. ಎರಡನೆಯದರ ಹೊತ್ತಿಗೆ ಹಡಗು ಹತ್ತಿದ್ದರು. ಹೊರಡಿಸಿದವರು ಬಂಧು ಹಾಶೀಂ. ಸೆಲ್ಟಿಕ್ ಮ್ಯಾನೇಜರ್ ವಿಲ್ಲಿ ಮೇಲಿ ಅವರ ಮುಂದೆ ನಿಂತು, ಈತನನ್ನೊಮ್ಮೆ ಪರೀಕ್ಷಿಸಿ, ಆದರೆ ಬೂಟು ಹಾಕುವುದಿಲ್ಲ ಎಂದು ಹೇಳಿದವರೂ ಅವರೇ. ಸೆಲ್ಟಿಕ್ ಆಗ ಸ್ಕಾಟ್ಲೆಂಡಿನ ಚಾಂಪಿಯನ್ ತಂಡ. ಹಿಂದಿನ ಋತುವಿನ ಲೀಗ್‌ನಲ್ಲಿ ಜಿಮ್ಮಿ ಮೆಕ್‌ಗ್ರೋರಿ ಒಬ್ಬರೇ 50 ಗೋಲು ಹೊಡೆದಿದ್ದರು. ಅಂಥ ಮನೆಯ ಬಾಗಿಲು ತಟ್ಟಲು ಧೈರ್ಯ ಬೇಕಿತ್ತು.

ಸಲೀಂ ಎರಡು ಪಂದ್ಯ ಆಡಿದರು, ಹ್ಯಾಮಿಲ್ಟನ್ ವಿರುದ್ಧ ಒಂದು, ಗಾಲ್‌ಸ್ಟನ್ ವಿರುದ್ಧ ಇನ್ನೊಂದು. ಆಗಸ್ಟ್ ಕೊನೆಯಲ್ಲಿ ಪಾರ್ಕ್‌ಹೆಡ್ ಮೈದಾನದಲ್ಲಿ ಗಾಲ್‌ಸ್ಟನ್ 7-1ರಿಂದ ಸೋತಾಗ ಏಳರಲ್ಲಿ ಮೂರು ಗೋಲು ಬಂದದ್ದು ಸಲೀಂ ಕೊಟ್ಟ ಚೆಂಡಿನಿಂದ. ಮರುದಿನ 'ಸ್ಕಾಟಿಷ್ ಡೈಲಿ ಎಕ್ಸ್‌ಪ್ರೆಸ್' ಆ ಹತ್ತು ಬೆರಳುಗಳ ಬಗ್ಗೆಯೇ ಬರೆಯಿತು. ಚೆಂಡು ಹೆಬ್ಬೆರಳ ಮೇಲೆ ನಿಲ್ಲುತ್ತದೆ, ಅಲ್ಲಿಂದ ಕಿರುಬೆರಳಿನತ್ತ ಉರುಳುತ್ತದೆ, ಅಷ್ಟರಲ್ಲಿ ಆಟಗಾರ ಒಂಟಿಗಾಲಲ್ಲಿ ಎದುರಾಳಿಯನ್ನು ಸುತ್ತಿ ಹೋಗಿರುತ್ತಾನೆ! ಅದೇ ವರದಿಯಲ್ಲಿ ಇನ್ನೊಂದು ಸಾಲಿನಷ್ಟು ಸಂಗತಿಯಿದೆ. ಪೆನಾಲ್ಟಿ ಹೊಡೆಯಲು ಕರೆದರೆ ನಾಚಿಕೆಯೆಂದು ಸಲೀಂ ಒಲ್ಲೆನೆಂದರಂತೆ. ಇಂಗ್ಲಿಷ್ ಬಾರದ ಅವರ ಪರವಾಗಿ ಮಾತಾಡಿದ್ದು ಹಾಶೀಂ.

ಸೆಲ್ಟಿಕ್ ಉಳಿಸಿಕೊಳ್ಳಲು ನೋಡಿತು. ಸಲೀಂಗೆ ಮನೆಯ ನೆನಪು ಕಾಡಿತು, ಊರಿಗೆ ಮರಳಿ ಮತ್ತೆ ಮೊಹಮ್ಮಡನ್ ಸೇರಿದರು. ಅವಕಾಶ ಕೈಚೆಲ್ಲಿದರು ಎಂದು ಇದನ್ನು ಬರೆಯುವುದುಂಟು; ಅದು ನ್ಯಾಯವಲ್ಲ. ಭಾಷೆ ಬಾರದ ಊರು, ಮೂವತ್ತು ದಾಟಿದ ವಯಸ್ಸು, ಹಿಂದೆ ದೇಶದ ಅತಿ ದೊಡ್ಡ ತಂಡ. ಕಲ್ಕತ್ತೆಯಲ್ಲಿ ಅವರು ಗಳಿಸಿದ್ದ ಸ್ಥಾನ ಗ್ಲಾಸ್ಗೋದ್ದಕ್ಕಿಂತ ಸಣ್ಣದಾಗಿರಲಿಲ್ಲ.

ಆ ಮೊಹಮ್ಮಡನ್ ಎಷ್ಟು ಬಲಿಷ್ಠವಾಗಿತ್ತೆಂಬುದನ್ನು ಕನ್ನಡ ನಾಡಿನ ಆಟಗಾರರು ಎದುರಿಗೇ ಕಂಡವರು. 1937ರಲ್ಲಿ ಮುಂಬೈಯ ರೋವರ್ಸ್ ಕಪ್ ಫೈನಲ್‌ನಲ್ಲಿ ಅದನ್ನು ಸೋಲಿಸಿ ಕಪ್ ಎತ್ತಿದ್ದು ಬೆಂಗಳೂರು ಮುಸ್ಲಿಮ್ಸ್, ಆ ಕಪ್ ಗೆದ್ದ ಮೊದಲ ಭಾರತೀಯ ತಂಡ. 1940ರಲ್ಲಿ ಇದೇ ಎರಡು ತಂಡಗಳು ಮತ್ತೆ ಎದುರಾದಾಗ ಮೊಹಮ್ಮಡನ್ ಸೇಡು ತೀರಿಸಿಕೊಂಡಿತು.

ಬರಿಗಾಲಿನ ಕಾಲವೂ ಮುಗಿಯುತ್ತ ಬಂತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಚ್ಚಿನವರು ಬರಿಗಾಲಲ್ಲೇ ಆಡಿ ಫ್ರಾನ್ಸ್‌ಗೆ 2-1ರಿಂದ ಸೋತರು; ನಮ್ಮ ಗೋಲು ಬೆಂಗಳೂರಿನ ಎಸ್. ರಾಮನ್ ಅವರದು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯ 10-1ರಿಂದ ಮಣಿಸಿದ ಮೇಲೆ ಬೂಟು ಕಡ್ಡಾಯವಾಯಿತು.

ಸಲೀಂ 1980ರಲ್ಲಿ ತೀರಿಕೊಂಡರು. ಅವರು ಕಾಯಿಲೆ ಬಿದ್ದಿದ್ದಾಗ ಮಗ ಸೆಲ್ಟಿಕ್ ಕ್ಲಬ್ಬಿಗೆ ಪತ್ರ ಬರೆದಿದ್ದರು. ಹಣ ಕೇಳುವುದಕ್ಕಲ್ಲ, ಅಪ್ಪನ ಹೆಸರು ಅಲ್ಲಿ ಇನ್ನೂ ನೆನಪಿದೆಯೇ ಎಂದು ತಿಳಿಯುವುದಕ್ಕೆ. ಉತ್ತರದ ಲಕೋಟೆಯಲ್ಲಿ ಪತ್ರದ ಜೊತೆ 100 ಪೌಂಡಿನ ಬ್ಯಾಂಕ್ ಡ್ರಾಫ್ಟ್ ಇತ್ತು. ಮಗ ಅದನ್ನು ನಗದು ಮಾಡಿಸಿಕೊಳ್ಳಲಿಲ್ಲ. ಹಾಗೆಯೇ ಎತ್ತಿಟ್ಟುಕೊಂಡರು.