ಅಜ್ಜಿ ಹೇಳೋ ‘ಅಮಲ್ದಾರ್ ಆಫೀಸು’: ಕಂದಾಯ ವಸೂಲಿ ಮಾಡೋನೇ ಪೊಲೀಸ್ ಆಗಿದ್ದ ಕಾಲ

ಭಾಗ 1
(ಫೋಟೋ: ತೂಬಗೆರೆ ಕಡೆಯಿಂದ ಕಂಡ ನಂದಿಬೆಟ್ಟ, ಬೆಳಗ್ಗೆ)

ಕಳೆದ ತಿಂಗಳು ಸ್ಕಾಲರ್‌ಶಿಪ್‌ಗೆ ಆದಾಯ ಪ್ರಮಾಣಪತ್ರ ಬೇಕಿತ್ತು. ಫೈಲ್ ಹಿಡ್ಕೊಂಡು ಹೊರಟೆ. ಬಾಗಿಲಲ್ಲಿ ಕೂತಿದ್ದ ಅಜ್ಜಿ ಕೇಳಿದ್ರು, “ಅಮಲ್ದಾರ್ ಆಫೀಸ್ಗೇನವ್ವಾ?”

“ತಹಸೀಲ್ದಾರ್ ಅಜ್ಜಿ, ಅಮಲ್ದಾರ್ ಅಲ್ಲ.”

“ಯಾವ್ದೋ ಒಂದು. ಹುಷಾರಾಗಿ ಮಾತಾಡು ಅವ್ರ ಹತ್ರ.”

ಒಂದು ಸರ್ಟಿಫಿಕೇಟ್‌ಗೆ ಹೋಗೋ ಹುಡುಗಿಗೆ ಹುಷಾರು ಯಾಕೆ? ಬಸ್ಸಲ್ಲಿ ಕೂತು ಇದನ್ನೇ ಯೋಚಿಸ್ತಾ ಇದ್ದೆ. ಹಳೇ ಮೈಸೂರು ಸೀಮೆಯಲ್ಲಿ ತಾಲ್ಲೂಕಿನ ಅಧಿಕಾರಿಯನ್ನ 20ನೇ ಶತಮಾನದಲ್ಲೂ ಅಮಲ್ದಾರ ಅಂತಲೇ ಕರೀತಿದ್ರು. ಹಾಗಾಗಿ ಅಜ್ಜಿ ಬಾಯಲ್ಲಿ ಆ ಪದ ಉಳಿದಿರೋದು ಆಶ್ಚರ್ಯ ಅಲ್ಲ. ಆದರೆ ಪದದ ಜೊತೆ ಭಯವೂ ಯಾಕೆ ಉಳೀತು? ಅದನ್ನ ಹುಡುಕ್ತಾ ಹೋದಾಗ ಸಿಕ್ಕಿದ್ದು ಇನ್ನೂರು ವರ್ಷ ಹಿಂದಿನ ಕಥೆ. ಈ ಸರಣಿ ಅದರ ಬಗ್ಗೆ. ನಿಧಾನಕ್ಕೆ ಓದಿ, ಸೇವ್ ಮಾಡ್ಕೊಳ್ಳಿ.

ಭಾಗ 2
(ಫೋಟೋ: ಕೆರೆ ಏರಿ, ಕೆಳಗಡೆ ಗದ್ದೆ)

ನಮ್ಮೂರ ಹೆಸರಲ್ಲೇ ತೂಬು ಇದೆ, ಕೆರೆ ಇದೆ. ಕೆರೆ ಕೆಳಗಿನ ಗದ್ದೆ ಅಂದ್ರೆ ಸರ್ಕಾರಕ್ಕೂ ಪ್ರೀತಿ, ಯಾಕಂದ್ರೆ ಅಲ್ಲಿ ಬೆಳೆ ಖಾತ್ರಿ.

1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಸತ್ತ. ಬ್ರಿಟಿಷರು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನ ಪಟ್ಟಕ್ಕೆ ಕೂರಿಸಿದ್ರು. ದಿವಾನ್ ಪೂರ್ಣಯ್ಯ 1811ರವರೆಗೆ ಆಡಳಿತ ನಡೆಸಿದ್ರು. ಮರುವರ್ಷವೇ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಸ್ಕಾಟಿಷ್ ವೈದ್ಯ ಕಂಪನಿ ಸರ್ಕಾರದ ಪರವಾಗಿ ಈ ಸೀಮೆಯನ್ನೆಲ್ಲ ಸುತ್ತಿದ. ದೊಡ್ಡಬಳ್ಳಾಪುರಕ್ಕೂ ಬಂದಿದ್ದ. ಕಣದಲ್ಲಿ ರಾಶಿ ಹೇಗೆ ಹಂಚ್ತಾರೆ, ಯಾರಿಗೆ ಎಷ್ಟು ಕೊಳಗ ಹೋಗುತ್ತೆ ಅಂತ ಕೂತು ಬರ್ಕೊಂಡ.

ಆ ಪದ್ಧತಿಗೆ ವಾರ, ಬಟಾಯಿ ಅಂತಿದ್ರು. ಗದ್ದೆ ಬೆಳೆಯಲ್ಲಿ ಸುಮಾರು ಅರ್ಧ ಸರ್ಕಾರಕ್ಕೆ. ಅದಕ್ಕೂ ಮುಂಚೆ ಗೌಡ, ಶಾನುಭೋಗ, ನೀರಗಂಟಿ, ತೋಟಿ, ತಳವಾರ ಹೀಗೆ ಊರ ಆಯಗಾರರ ಪಾಲು ತೆಗೀಬೇಕು. ಸರ್ಕಾರದ ಕಡೆಯವರು ಬಂದು ಅಳೆಯೋವರೆಗೂ ರಾಶಿ ಮುಟ್ಟೋ ಹಾಗಿಲ್ಲ. ಅವರು ಬರೋದು ತಡ ಆದ್ರೆ? ಕಾಯಬೇಕು. ಮಳೆ ಬಂದ್ರೆ? ಆಗ್ಲೂ ಕಾಯಬೇಕು. ಬೇಗ ಬರ್ಲಿ ಅಂದ್ರೆ ಕೈ ಬೆಚ್ಚಗೆ ಮಾಡಬೇಕು.

ಈ ರಾಶಿ ಕಾಯ್ತಿದ್ದೋರು ಯಾರು ಗೊತ್ತಾ? ತೋಟಿ, ತಳವಾರರು. ಅವರೇ ಊರಿನ ಪೊಲೀಸು. ರಾತ್ರಿ ಗಸ್ತು, ಕಳ್ಳರ ಜಾಡು, ಗಡಿ ಕಲ್ಲಿನ ಲೆಕ್ಕ, ಅಧಿಕಾರಿ ಬಂದ್ರೆ ಬಿಟ್ಟಿ ಚಾಕರಿ, ಎಲ್ಲ ಅವರದ್ದೇ. ಸಂಬಳ ಅಂದ್ರೆ ಕಣದಲ್ಲಿ ಸಿಗೋ ಒಂದಿಷ್ಟು ಕಾಳು, ಕೆಲವು ಕಡೆ ಒಂದು ತುಂಡು ಇನಾಮು ಜಮೀನು. ಊರಿನ ಅತಿ ಬಡವರ ಕೈಯಲ್ಲೇ ಊರಿನ ಕಾವಲು ಇತ್ತು.

ಭಾಗ 3
(ಫೋಟೋ: ಅಕೌಂಟೆನ್ಸಿ ನೋಟ್‌ಬುಕ್, ನನ್ನದೇ)

ಈಗ ಬಿಕಾಂ ತಲೆ ಉಪಯೋಗಿಸೋ ಭಾಗ.

1799ರ ಒಪ್ಪಂದದ ಪ್ರಕಾರ ಮೈಸೂರು ಪ್ರತಿ ವರ್ಷ ಕಂಪನಿಗೆ 7 ಲಕ್ಷ ಸ್ಟಾರ್ ಪಗೋಡ ಕೊಡಬೇಕು, ಅಂದ್ರೆ ಸುಮಾರು 24.5 ಲಕ್ಷ ರೂಪಾಯಿ. ಇದು ಫಿಕ್ಸೆಡ್ ಖರ್ಚು. ಮಳೆ ಬರ್ಲಿ ಬಿಡ್ಲಿ, ಕಟ್ಟಲೇಬೇಕು. ಆದ್ರೆ ರಾಜ್ಯದ ಆದಾಯ ಮಳೆ ಮೇಲೆ ನಿಂತಿದೆ. ಖರ್ಚು ಫಿಕ್ಸೆಡ್, ಆದಾಯ ಏರಿಳಿತ. ಇದರ ರಿಸ್ಕ್ ಯಾರ ತಲೆ ಮೇಲೆ ಹಾಕೋದು?

ಉತ್ತರ: ‘ಶರತ್ತು’ ಪದ್ಧತಿ. ಅಮಲ್ದಾರ ಇಂತಿಷ್ಟು ಹಣ ತಾಲ್ಲೂಕಿಂದ ಎತ್ತಿ ಕೊಡ್ತೀನಿ ಅಂತ ಮೊದಲೇ ಒಪ್ಪಿ ಬರ್ಕೊಡ್ತಾನೆ. ಜಾಸ್ತಿ ಬಂದ್ರೆ ಸರ್ಕಾರಕ್ಕೆ ಜಮಾ ಮಾಡಬೇಕು, ಕಮ್ಮಿ ಬಿದ್ರೆ ಕೈಯಿಂದ ತುಂಬಬೇಕು.

ಒಂದು ಉದಾಹರಣೆ ಹಾಕ್ತೀನಿ, ಅಂಕಿ ನಾನೇ ಇಟ್ಟಿದ್ದು. ಶರತ್ತು 10,000 ವರಹ. ಬರ ಬಿತ್ತು, ರೈತರ ಹತ್ರ ಇರೋದು 8,000. ಉಳಿದ 2,000 ಅಮಲ್ದಾರನ ಮನೆಯಿಂದ ಹೋಗುತ್ತೆ ಅಂತ ನಂಬ್ತೀರಾ? ಹೊಸ ತೆರಿಗೆ ಹುಟ್ಟುತ್ತೆ, ಇಲ್ಲಾ ಹಳೇ ಬಾಕಿ ಪುಸ್ತಕದಿಂದ ಎದ್ದು ಬರುತ್ತೆ. ಮಳೆ ಚೆನ್ನಾಗಿ ಆಗಿ 12,000 ಬಂತು ಅನ್ನಿ, ಆಗ ಲೆಕ್ಕದಲ್ಲಿ 10,000 ಮಾತ್ರ ಕಾಣುತ್ತೆ.

ಪೂರ್ಣಯ್ಯ ಹೋದ ಮೇಲೆ ಅಮಲ್ದಾರಿಕೆ ಯಾರು ಜಾಸ್ತಿ ಕೂಗ್ತಾರೋ ಅವರಿಗೇ ಹೋಗೋ ಹಾಗಾಯ್ತು. ದುಡ್ಡು ಕೊಟ್ಟು ಬಂದೋನಿಗೆ ಅದು ಹುದ್ದೆ ಅಲ್ಲ, ಹಾಕಿದ ಬಂಡವಾಳ. ನಾಳೆ ಇನ್ನೊಬ್ಬ ಜಾಸ್ತಿ ಕೂಗಬಹುದು, ಹಾಗಾಗಿ ಇವತ್ತೇ ವಾಪಸ್ ಎತ್ತಬೇಕು.

ಮೇಲಿನ ಟಾರ್ಗೆಟ್ಟು ಕೆಳಗೆ ಬರ್ತಾ ಬರ್ತಾ ಏಟಾಗುತ್ತೆ. ಈ ಒಂದು ಸಾಲು ನೆನಪಿಟ್ಕೊಳ್ಳಿ.

ಭಾಗ 4
(ಫೋಟೋ: ಹಳೇ ಬಾಗಿಲು, ಬೀಗ)

‘ಕಂದಾಚಾರ’ ಅಂದ್ರೆ ಇವತ್ತು ನಮಗೆ ಮೂಢನಂಬಿಕೆ. ಆಗ ಅದೊಂದು ಸರ್ಕಾರಿ ಇಲಾಖೆ! ಕಂದಾಚಾರದ ಜವಾನರು ಅರ್ಧ ಸೈನಿಕರು, ಅರ್ಧ ಪೊಲೀಸರು. ತಮ್ಮ ತಮ್ಮ ಊರಲ್ಲೇ ಇದ್ದು ಹೊಲ ಉಳ್ತಾ, ಕರೆದಾಗ ಬರೋರು. ಸಂಬಳ ಸ್ವಲ್ಪ, ಜೊತೆಗೆ ಜಮೀನು. ಕೋಟೆ ಕಾವಲು, ಕಳ್ಳರನ್ನ ಹಿಡಿಯೋದು, ಕಾಗದ ಮುಟ್ಟಿಸೋದು ಅವರ ಕೆಲಸ.

ಅವರಿಂದ ತಾಲ್ಲೂಕಲ್ಲಿ ಕೆಲಸ ತೆಗೀತಿದ್ದೋನು ಅಮಲ್ದಾರ. ಕಂದಾಯ ನಿಗದಿ ಮಾಡೋನು ಅವನೇ. ವಸೂಲಿಗೆ ಜವಾನನ್ನ ಕಳ್ಸೋನು ಅವನೇ. ಕೊಡದೇ ಇದ್ದೋನನ್ನ ಹಿಡ್ಕೊಂಡು ಬಂದ್ರೆ ವಿಚಾರಣೆ ಮಾಡೋನೂ ಅವನೇ. ಅಮಲ್ದಾರನ ಮೇಲೇ ದೂರು ಇದ್ರೆ ಯಾರಿಗೆ ಕೊಡ್ತೀರಾ? ಮೈಸೂರಿಗೆ ನಡೀಬೇಕು. ಅಲ್ಲಿ ಅವನಿಗೆ ಹುದ್ದೆ ಕೊಡಿಸಿದೋರೇ ಕೂತಿರ್ತಾರೆ.

ಬಡವರ ಕಷ್ಟ ಬರೀ ತೆರಿಗೆ ಎಷ್ಟು ಅನ್ನೋದ್ರಲ್ಲಿ ಇರಲಿಲ್ಲ. ‘ಇದು ಅನ್ಯಾಯ’ ಅಂತ ಹೇಳೋಕೆ ಮೂರನೇ ಮನುಷ್ಯ ಇರಲಿಲ್ಲ. ಹಾಗಾಗಿ ಎರಡೇ ದಾರಿ. ಒಂದು, ಊರು ಬಿಡೋದು. ಆಗ ಜಮೀನು ಜಾಸ್ತಿ, ಉಳೋರು ಕಮ್ಮಿ. ಅದಕ್ಕೇ ಗುಳೆ ಹೋದ್ರೆ ಸರ್ಕಾರಕ್ಕೆ ಬಿಸಿ ಮುಟ್ತಿತ್ತು. ಇನ್ನೊಂದು, ಒಟ್ಟಿಗೆ ನಿಲ್ಲೋದು.

ಭಾಗ 5
(ಫೋಟೋ: ಶಿವಮೊಗ್ಗ ಕಡೆ ಹೋದಾಗ ತೆಗೆದಿದ್ದು, ಮಳೆ)

1830ರಲ್ಲಿ ನಗರ ಸೀಮೆಯ ರೈತರು ಒಟ್ಟಿಗೆ ನಿಂತ್ರು. ನಗರ ಅಂದ್ರೆ ಇವತ್ತಿನ ಹೊಸನಗರ ತಾಲ್ಲೂಕಿನ ಬಿದನೂರು. ಆಗ ಅದರ ಹೆಸರಲ್ಲಿ ಶಿವಮೊಗ್ಗ ಸುತ್ತಿನ ದೊಡ್ಡ ಸೀಮೆಯೇ ಇತ್ತು. ಅಲ್ಲಿನ ಜನ ‘ಕೂಟ’ ಸೇರಿದ್ರು. ಬಸವಾಪಟ್ಟಣ, ಹೊನ್ನಾಳಿ, ಆನಂದಪುರ ಕಡೆಯೆಲ್ಲ ಸಭೆ. ಒಂದೂರಿಂದ ಇನ್ನೊಂದೂರಿಗೆ ಓಲೆ ಹೋಯ್ತು. ಮೊದಲು ಅವರು ಕೇಳಿದ್ದು ಲೆಕ್ಕ ಸರಿ ಮಾಡಿ, ಕಂದಾಯ ಇಳಿಸಿ ಅಂತ.

ಕೆಳದಿ ಅರಸರ ವಾರಸುದಾರ ನಾನೇ ಅಂತ ಬೂದಿ ಬಸಪ್ಪ ಮುಂದೆ ಬಂದ. ತರೀಕೆರೆ ಪಾಳೇಗಾರನೂ ಸೇರ್ಕೊಂಡ. ರೈತರ ಕೂಟ ದಂಗೆ ಆಯ್ತು. ಮೈಸೂರು ಸೈನ್ಯ ಹೋಯ್ತು, ಹಲವರನ್ನ ಗಲ್ಲಿಗೆ ಹಾಕಿದ್ರು, ಆದ್ರೂ ತಣ್ಣಗಾಗ್ಲಿಲ್ಲ. ಕೊನೆಗೆ ಕಂಪನಿ ಸೈನ್ಯ ಬಂದು 1831ರಲ್ಲಿ ನಗರವನ್ನ ಹಿಡೀತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮಹಾರಾಜರಿಂದ ಆಡಳಿತ ಕಿತ್ಕೊಂಡ. ಕಂಪನಿಗೆ ಬರಬೇಕಾದ ಹಣಕ್ಕೆ ಅಪಾಯ ಇದ್ರೆ ರಾಜ್ಯವನ್ನ ವಹಿಸ್ಕೊಳ್ಳಬಹುದು ಅಂತ ಒಪ್ಪಂದದಲ್ಲಿತ್ತು, ಅದನ್ನ ತೋರಿಸಿದ. ರೈತರು ಕೇಳಿದ್ದು ನ್ಯಾಯ. ಕಂಪನಿ ಹಿಡ್ಕೊಂಡಿದ್ದು ತನ್ನ ದುಡ್ಡಿನ ಕಲಂ. ಅಮಲ್ದಾರರ ಮೇಲೆ ಭಾರ ಹಾಕಿದ್ದ ಆ 7 ಲಕ್ಷ ಪಗೋಡ ಮಾತ್ರ ಹಾಗೇ ಉಳೀತು.

ಇದೇ ಕಾಲಕ್ಕೆ, ಸಾವಿರಾರು ಮೈಲಿ ಆಚೆ ಐರ್ಲೆಂಡ್‌ನಲ್ಲೂ ರೈತರು ಎದ್ದಿದ್ರು. ಅಲ್ಲಿ ಬಹುಪಾಲು ಜನ ಕ್ಯಾಥೊಲಿಕ್‌ರು. ಆದ್ರೂ ಪ್ರಾಟೆಸ್ಟೆಂಟ್ ಚರ್ಚಿಗೆ ಬೆಳೆಯ ದಶಮಾಂಶ, ಅಂದ್ರೆ ಹತ್ತರಲ್ಲಿ ಒಂದು ಪಾಲಿನ ಲೆಕ್ಕದಲ್ಲಿ ತೆರಿಗೆ ಕಟ್ಟಬೇಕಿತ್ತು. 1831ರಲ್ಲಿ ಜನ ಕೊಡಲ್ಲ ಅಂದ್ರು. ಪೊಲೀಸರು ದನ ಜಪ್ತಿಗೆ ಬಂದ್ರು, ಎರಡೂ ಕಡೆ ಹೆಣ ಬಿತ್ತು. ಅದನ್ನ ‘ದಶಮಾಂಶ ಯುದ್ಧ’ ಅಂತಾರೆ. ಅಲ್ಲೂ ದನ ಎಳ್ಕೊಂಡು ಹೋಗೋಕೆ ಬಂದೋನು ಪೊಲೀಸೇ.

ಐರ್ಲೆಂಡ್ ಮಾತು ಸುಮ್ನೆ ಎತ್ತಲಿಲ್ಲ. ಆ ಪೊಲೀಸು ಆಮೇಲೆ ನಮ್ಮ ಮನೆ ಬಾಗಿಲಿಗೂ ಬಂತು. ಮುಂದೆ ಓದಿ.

ಭಾಗ 6
(ಫೋಟೋ: ಕಬ್ಬನ್ ಪಾರ್ಕ್, ಕಾಲೇಜ್ ಟ್ರಿಪ್)

1834ರಲ್ಲಿ ಮಾರ್ಕ್ ಕಬ್ಬನ್ ಕಮಿಷನರ್ ಆದ. ಐರ್ಲೆಂಡ್‌ಗೂ ಇಂಗ್ಲೆಂಡ್‌ಗೂ ನಡುವೆ ಇರೋ ‘ಐಲ್ ಆಫ್ ಮ್ಯಾನ್’ ಅನ್ನೋ ಪುಟ್ಟ ದ್ವೀಪದವನು. 1861ರವರೆಗೆ ಇಲ್ಲೇ ಇದ್ದ. ಊರಿಗೆ ವಾಪಸ್ ಹೋಗ್ತಾ ದಾರಿಯಲ್ಲೇ, ಸೂಯೆಜ್‌ನಲ್ಲಿ ತೀರ್ಕೊಂಡ. ಮೊದಲ ಫೋಟೋದಲ್ಲಿ ಕಾಣೋ ನಂದಿಬೆಟ್ಟದ ಮೇಲೆ ಅವನಿಗೊಂದು ಬಂಗಲೆ ಇತ್ತು.

ಅವನು ಶರತ್ತು ಪದ್ಧತಿ ತೆಗೆದ. ರಾಜ್ಯವನ್ನ ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಅಂತ ನಾಲ್ಕು ವಿಭಾಗ ಮಾಡಿದ. ಕೊಯ್ಲಿನ ಸಮಯ ನೋಡಿ ಕಂತಲ್ಲಿ ಕಂದಾಯ ಕಟ್ಟೋ ಹಾಗೆ ಮಾಡಿದ. 769 ಚಿಲ್ಲರೆ ತೆರಿಗೆಗಳನ್ನ ರದ್ದು ಮಾಡಿದ.

769! ಎಂಥೆಂಥ ತೆರಿಗೆ ನೋಡಿ. ಮದುವೆಗೆ ತೆರಿಗೆ. ಮಗು ಹುಟ್ಟಿದ್ರೆ ತೆರಿಗೆ. ಹೆಸರಿಟ್ರೆ ತೆರಿಗೆ. ತಲೆಗೂದಲು ತೆಗೆಸಿದ್ರೆ ತೆರಿಗೆ. ಒಂದೂರಿನ ಜನ ತಲೆಮಾರುಗಳಿಂದ ಒಂದು ತೆರಿಗೆ ಕಟ್ತಾ ಇದ್ರು. ಕಾರಣ, ಅವರ ಪೂರ್ವಿಕರು ಪಾಳೇಗಾರನ ಕಳೆದುಹೋದ ಕುದುರೆ ಹುಡುಕಿ ಕೊಡ್ಲಿಲ್ಲ ಅಂತ! ಕುದುರೆ ಸತ್ತು ಎಷ್ಟು ಕಾಲ ಆಯ್ತೋ, ತೆರಿಗೆ ಮಾತ್ರ ಬದುಕಿತ್ತು.

ಓದಿ ಮೊದಲು ನಕ್ಕೆ. ಆಮೇಲೆ ನಗು ನಿಲ್ತು. ಮಗುಗೆ ಹೆಸರಿಡೋ ದಿನವೂ ಬಡವನ ಮನೆ ಬಾಗಿಲಲ್ಲಿ ಒಬ್ಬ ಜವಾನ ನಿಂತಿರ್ತಿದ್ದ ಅಂತ ಆಯ್ತಲ್ಲ.

ಹಾಗಂತ ಕಬ್ಬನ್ ಬಂದು ಎಲ್ಲ ಸರಿ ಮಾಡಿದ ಅಂತ ನಾನು ಹೇಳ್ತಿಲ್ಲ. ತಾಲ್ಲೂಕಲ್ಲಿ ಕಂದಾಯ, ಪೊಲೀಸು, ನ್ಯಾಯ ಮೂರೂ ಅವನ ಕಾಲದಲ್ಲೂ ಅಮಲ್ದಾರನ ಕೈಯಲ್ಲೇ ಇತ್ತು. ಮೇಲೆ ಪ್ರಶ್ನೆ ಕೇಳೋರು ಬಂದ್ರು ನಿಜ. ಆದ್ರೆ ಕೇಳೋರೆಲ್ಲ ಕಂಪನಿ ಆಫೀಸರುಗಳು, ನಮ್ಮೋರು ಆರಿಸಿದವರಲ್ಲ.

ಭಾಗ 7
(ಫೋಟೋ: ನನ್ನ ಸರ್ಟಿಫಿಕೇಟಿನ ರಸೀದಿ, ನಂಬರ್ ಮುಚ್ಚಿದ್ದೀನಿ)

ಈಗ ಐರ್ಲೆಂಡ್‌ಗೆ ವಾಪಸ್. ಬ್ರಿಟಿಷರು ಅಲ್ಲಿ 1822ರಲ್ಲಿ ಕಾನೂನು ಮಾಡಿ ಬಂದೂಕು ಹಿಡಿದ, ಬ್ಯಾರಕ್‌ನಲ್ಲಿ ಇರೋ ಪೊಲೀಸ್ ಪಡೆ ಕಟ್ಟಿದ್ರು. 1836ರಲ್ಲಿ ಅದನ್ನ ಒಂದೇ ಕೇಂದ್ರದ ಕೈಗೆ ತಂದ್ರು. ಲಂಡನ್ ಬೀದಿಯಲ್ಲಿ ಬಂದೂಕಿಲ್ಲದೆ ಓಡಾಡೋ ಪೊಲೀಸ್ ಬೇರೆ, ಇದು ಬೇರೆ. ಆಳೋರಿಗೆ ಜನರ ಮೇಲೆ ನಂಬಿಕೆ ಇಲ್ಲದ ಕಡೆ ಇಡೋ ಪೊಲೀಸು ಇದು. 1843ರಲ್ಲಿ ಚಾರ್ಲ್ಸ್ ನೇಪಿಯರ್ ಸಿಂಧ್ ಪ್ರಾಂತ್ಯ ಗೆದ್ದಾಗ ಇದೇ ಮಾದರಿಯ ಪೊಲೀಸ್ ಅಲ್ಲಿ ಶುರು ಮಾಡಿದ. ಅದರ ಜಾಡಲ್ಲೇ 1861ರ ಪೊಲೀಸ್ ಕಾಯ್ದೆ ಬಂತು. ಕಬ್ಬನ್ ನಂತರದ ವರ್ಷಗಳಲ್ಲಿ ಮೈಸೂರಿನ ಹಳೇ ಕಂದಾಚಾರ ಹೋಗಿ ಹೊಸ ಮಾದರಿಯ ಪೊಲೀಸ್ ಬಂತು.

ಕಂದಾಯ ಒಂದು ಇಲಾಖೆ, ಪೊಲೀಸು ಇನ್ನೊಂದು ಇಲಾಖೆ ಆಯ್ತು. ಇದು ಒಳ್ಳೇದೇ. ಆದ್ರೆ ಪೂರ್ತಿ ಬೇರೆ ಆಯ್ತಾ? ನಿಮ್ಮ ತಾಲ್ಲೂಕು ಕಚೇರಿ ಬೋರ್ಡ್ ಒಂದ್ಸಲ ನೋಡಿ: ‘ತಹಶೀಲ್ದಾರ್ ಮತ್ತು ತಾಲ್ಲೂಕು ದಂಡಾಧಿಕಾರಿಗಳು’. ಆ ‘ಮತ್ತು’ ಇದೆಯಲ್ಲ, ಅದಕ್ಕೆ ಇನ್ನೂರು ವರ್ಷ ವಯಸ್ಸು.

ಹಾಗಾದ್ರೆ ಏನೂ ಬದಲಾಗಿಲ್ವಾ? ಬದಲಾಗಿದೆ. ಅರ್ಜಿ ಕೊಟ್ಟಾಗ ನನ್ನ ಕೈಗೆ ಒಂದು ರಸೀದಿ ಬಂತು, ಅದರಲ್ಲಿ ಸಕಾಲ ನಂಬರ್. 2011ರ ಸಕಾಲ ಕಾಯ್ದೆ ಪ್ರಕಾರ ಇಷ್ಟು ದಿನದೊಳಗೆ ಕೆಲಸ ಆಗಬೇಕು, ಆಗದಿದ್ರೆ ಮೇಲ್ಮನವಿ ಹಾಕಬಹುದು. ಮಾಹಿತಿ ಹಕ್ಕಿದೆ, ಲೋಕಾಯುಕ್ತ ಇದೆ, ಕೋರ್ಟಿದೆ. ಇವೆಲ್ಲ ಎಷ್ಟು ಚೆನ್ನಾಗಿ ನಡೀತಿವೆ ಅಂತ ಜಗಳ ಆಡೋಣ. ಆದ್ರೆ 1830ರ ನಗರದ ರೈತ ಹುಡುಕಿದ್ದು ಇದನ್ನೇ, ಆ ಮೂರನೇ ಮನುಷ್ಯನನ್ನ. ಸಿಗದೇ ಹೋಗಿದ್ದಕ್ಕೇ ಅವನು ಕೂಟ ಸೇರಿದ್ದು.

ಸಂಜೆ ಮನೆಗೆ ಬಂದಾಗ ಅಜ್ಜಿ ಕೇಳಿದ್ರು, “ಏನಂದ್ರವ್ವಾ ಅಮಲ್ದಾರ್ರು?”

ರಸೀದಿ ತೋರಿಸಿದೆ. “ಅವ್ರನ್ನ ನೋಡೋದೇ ಬೇಕಾಗಿಲ್ಲ ಅಜ್ಜಿ. ಈ ನಂಬರ್ ಇದ್ರೆ ಸಾಕು, ತಡ ಮಾಡಿದ್ರೆ ನಾವೇ ಯಾಕೆ ಅಂತ ಕೇಳಬಹುದು.”

ಅಜ್ಜಿ ಆ ಚೀಟಿನ ತಿರುಗಿಸಿ ಮುರುಗಿಸಿ ನೋಡಿದ್ರು. ಓದೋಕೆ ಬರಲ್ಲ ಅವರಿಗೆ. “ಹಂಗಾರೆ ಜೋಪಾನವಾಗಿ ಮಡಗು” ಅಂದ್ರು.

ಮಡಗಿದ್ದೀನಿ.

ನಿಮ್ಮ ಮನೇಲೂ ಹಿರಿಯರು ಅಮಲ್ದಾರ್, ಶಾನುಭೋಗ್ರು, ಪಟೇಲ್ರು, ತೋಟಿ, ತಳವಾರ ಅಂತ ಮಾತಾಡ್ತಿದ್ರೆ ಕೂರಿಸ್ಕೊಂಡು ಕೇಳಿ. ಕೇಳಿದ್ದನ್ನ ಕಾಮೆಂಟಲ್ಲಿ ಬರೀರಿ. ಮುಂದಿನ ಸರಣಿ: ಕೆರೆ ನೀರು ಬಿಡ್ತಿದ್ದ ನೀರಗಂಟಿಗಳ ಬಗ್ಗೆ.

#ತೂಬಗೆರೆ #ದೊಡ್ಡಬಳ್ಳಾಪುರ #ಮೈಸೂರುಇತಿಹಾಸ #ನಗರದಂಗೆ #ಅಜ್ಜಿಹೇಳಿದಪದ